ಬಣ್ಣಕ್ಕಿಂತ ಮೊದಲು ಸಂಪು: ದಾವಣಗೆರೆಯಲ್ಲಿ ನಾನು ಬಾಡಿಗೆ ಮನೆ ನೋಡುವ ಕ್ರಮ

ಬಾಡಿಗೆ ಮನೆ ನೋಡಲು ಹೋದಾಗ ಓನರ್ ಮೊದಲು ತೋರಿಸುವುದು ಟೈಲ್ಸು, ಹೊಸ ಬಣ್ಣ, ಅಡುಗೆಮನೆಯ ಕಬೋರ್ಡು. ನಾನು ಮೊದಲು ಕೇಳುವುದು ಸಂಪಿನ ಮುಚ್ಚಳ ತೆಗೆಯಿರಿ ಎಂದು. ಬಣ್ಣ ಮಾಸಿದ್ದರೆ ಹೊಡೆಸಿಕೊಳ್ಳಬಹುದು, ಫ್ಯಾನ್ ಇಲ್ಲದಿದ್ದರೆ ಹಾಕಿಕೊಳ್ಳಬಹುದು. ನೀರು, ಮೀಟರು, ತಾರಸಿಯ ಕಾವು, ಬಚ್ಚಲಿನ ಇಳಿಜಾರು ಇವನ್ನು ಬಾಡಿಗೆದಾರ ಸರಿಮಾಡಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಅವು ಸರಿಯಿದ್ದರೆ ಮಾತ್ರ ಬಾಡಿಗೆಯ ಮಾತು.

ದಾವಣಗೆರೆಯ ಮನೆಗಳಿಗೆ ಎರಡು ಬಗೆಯ ನೀರು. ಒಂದು ಪಾಲಿಕೆ ಬಿಡುವ ಹೊಳೆ ನೀರು: ರಾಜನಹಳ್ಳಿಯಿಂದ ಬರುವ ತುಂಗಭದ್ರೆಯದು, ಜೊತೆಗೆ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ತುಂಬಿಸಿಕೊಂಡದ್ದು. ಇನ್ನೊಂದು ಬೋರಿನ ನೀರು. ಎರಡೂ ಇವೆಯೋ, ಬೇರೆ ಬೇರೆ ಪೈಪಿನಲ್ಲಿ ಬರುತ್ತವೆಯೋ, ಸಂಪಿನಲ್ಲೇ ಬೆರೆಯುತ್ತವೆಯೋ ಎಂದು ಕೇಳಬೇಕು. ಬೆರೆಸಿದ್ದರೆ ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲೇಬೇಕು. ನಲ್ಲಿ ನೀರಿನ ಸರದಿಯನ್ನು ಓನರ್ ಹತ್ತಿರ ಕೇಳುವುದಕ್ಕಿಂತ ಪಕ್ಕದ ಮನೆಯಲ್ಲಿ ಕೇಳುವುದು ಮೇಲು. "ಅಕ್ಕಾ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತೈತಿ? ಬೇಸಿಗ್ಯಾಗೆ ಎಷ್ಟು ದಿನಕ್ಕೆ?" ಎಂದು ಎರಡು ಪ್ರಶ್ನೆಯನ್ನೂ ಕೇಳಿ. ನಾಲೆ ನಿಂತ ದಿನಗಳಲ್ಲಿ ಸರದಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಮನೆ ನೋಡಿದವರಿಗೆ ಇದು ಕಾಣುವುದಿಲ್ಲ.

ಆಮೇಲೆ ಲೆಕ್ಕ. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. 8 ಅಡಿ, 6 ಅಡಿ, 5 ಅಡಿ ಆಳದ ಸಂಪು ಸುಮಾರು 6,800 ಲೀಟರ್. ಆದರೆ ತಳದ ಅರ್ಧ ಅಡಿಯ ನೀರನ್ನು ಮೋಟಾರ್ ಎಳೆಯುವುದಿಲ್ಲ, ಮೇಲಿನ ಅರ್ಧ ಅಡಿ ತುಂಬುವುದಿಲ್ಲ. ಕೈಗೆ ಸಿಗುವುದು 4 ಅಡಿ, ಅಂದರೆ ಸುಮಾರು 5,400 ಲೀಟರ್. ನಗರ ನೀರು ಸರಬರಾಜಿಗೆ ಇಟ್ಟುಕೊಂಡಿರುವ ಅಳತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ನಾಲ್ಕು ಮನೆ, ತಲಾ ನಾಲ್ವರು ಎಂದರೆ ದಿನಕ್ಕೆ 2,160 ಲೀಟರ್. ಅಷ್ಟು ದೊಡ್ಡದಾಗಿ ಕಾಣುವ ಸಂಪು ಎರಡೂವರೆ ದಿನಕ್ಕೆ ಬರಿದು. ನೀರು ಬರುವುದು ನಾಲ್ಕು ದಿನಕ್ಕೊಮ್ಮೆಯಾದರೆ ಉಳಿದ ದಿನ ಬೋರೇ ಗತಿ. ಬೋರ್ ಇಲ್ಲದಿದ್ದರೆ ಟ್ಯಾಂಕರ್, ಮತ್ತು ಅದರ ದುಡ್ಡು ಯಾರದು ಎಂಬುದು ಅಂದೇ ತೀರ್ಮಾನವಾಗಬೇಕು.

ಬೋರಿನ ನೀರಿನ ಗುಣ ನೋಡಲು ಹಳೆಯ ನಲ್ಲಿಯ ಬಾಯಿ, ಶವರಿನ ತೂತು, ಕಮೋಡಿನ ಒಳಗೋಡೆ ಸಾಕು. ಬಿಳಿ ಸುಣ್ಣ ಹೊಪ್ಪಳಿಕೆಯಂತೆ ಕಟ್ಟಿದ್ದರೆ ಗಡಸು ನೀರು. ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ವಾಷಿಂಗ್ ಮೆಷಿನ್ನಿನಲ್ಲಿ ಸೋಪು ನೊರೆ ಬರುವುದಿಲ್ಲ. ಇದು ಕಿರಿಕಿರಿಯಷ್ಟೆ. ಫ್ಲೋರೈಡ್ ಹಾಗಲ್ಲ, ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುತ್ತದೆ. ಚಿತ್ರದುರ್ಗ, ಜಗಳೂರು ಸೀಮೆಯ ಅಂತರ್ಜಲದಲ್ಲಿ ಅದು ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1.5. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್ ಮತ್ತು ಯು.ವಿ. ಫಿಲ್ಟರ್ ತೆಗೆಯುವುದಿಲ್ಲ, ಆರ್.ಒ. ತೆಗೆಯುತ್ತದೆ. ಜೇಬಿನ ಟಿ.ಡಿ.ಎಸ್. ಮೀಟರ್ ಒಟ್ಟು ಲವಣ ತೋರಿಸುತ್ತದೆಯೇ ಹೊರತು ಫ್ಲೋರೈಡನ್ನಲ್ಲ, "ಟಿ.ಡಿ.ಎಸ್. ಕಡಿಮೆ ಇದೆ" ಎಂಬ ಮಾತನ್ನು ನಂಬಿ ಚಿಕ್ಕ ಮಕ್ಕಳಿಗೆ ಬೋರಿನ ನೀರು ಕುಡಿಸಬೇಡಿ. ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಡಿ, ಇಲ್ಲವೇ ಹತ್ತಿರದ ಶುದ್ಧ ನೀರಿನ ಘಟಕ ಎಲ್ಲಿದೆ ನೋಡಿಕೊಳ್ಳಿ.

ನೀರಿನ ರಭಸಕ್ಕೆ ಬಕೆಟ್ ಸಾಕು. ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ: 20 ಲೀಟರ್ ಬಕೆಟ್ ಎರಡು ನಿಮಿಷದೊಳಗೆ ತುಂಬಬೇಕು. ರಭಸ ಅತಿ ಕಡಿಮೆ ಇರುವುದು ಟ್ಯಾಂಕಿನ ಕೆಳಗೇ ಇರುವ ಮೇಲಿನ ಮಹಡಿಯಲ್ಲಿ. 10 ಮೀಟರ್ ಎತ್ತರಕ್ಕೆ 1 ಬಾರ್ ಒತ್ತಡ ಎಂದರೆ, 3 ಮೀಟರ್ ಮೇಲಿನ ಟ್ಯಾಂಕು ಕೊಡುವುದು 0.3 ಬಾರ್ ಮಾತ್ರ. ಶವರ್ ಬೇಕೆನ್ನುವವರು ಕೆಳಗಿನ ಪೋರ್ಷನ್ ಹಿಡಿಯುವುದು ಲೇಸು.

ಆ ಬಕೆಟ್ ನೀರನ್ನು ಅಲ್ಲೇ ನೆಲಕ್ಕೆ ಸುರಿಯಿರಿ. ಜಾಲಿ ಕಡೆಗೆ ತಾನಾಗಿ ಹರಿಯಬೇಕು. ಬಾಗಿಲ ಬಳಿ ನಿಂತರೆ ಇಳಿಜಾರು ತಪ್ಪಿದೆ, ಪಕ್ಕದ ಕೋಣೆಯ ಗೋಡೆ ಇಂದಲ್ಲ ನಾಳೆ ತೇವ ಹಿಡಿಯುತ್ತದೆ. ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲ ಜಾಲಿಯಲ್ಲಿ ಗುಳುಗುಳು ಎಂದರೆ ಪೈಪು ಕಟ್ಟಿದೆ ಅಥವಾ ಗಾಳಿ ಹೋಗುವ ದಾರಿ ಇಲ್ಲ; ಮಳೆ ಜೋರಾದಾಗ ಅಲ್ಲಿಂದಲೇ ನೀರು ಹಿಂದಕ್ಕೆ ಬರುವುದು.

ಇನ್ನು ಮೀಟರ್. ಪ್ರತಿ ಪೋರ್ಷನ್ನಿಗೆ ಬೆಸ್ಕಾಂನ ಬೇರೆ ಆರ್.ಆರ್. ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ) ಇದೆಯೇ, ಇಲ್ಲ ಓನರ್ ಹಾಕಿಸಿದ ಸಬ್‌ಮೀಟರೇ? ಸಬ್‌ಮೀಟರಾದರೆ ಯೂನಿಟ್ಟಿಗೆ ಎಷ್ಟು ಎಂದು ಬರೆಸಿಕೊಳ್ಳಿ. ನಿಮ್ಮ ಹೆಸರಿಗೆ ಗೃಹಜ್ಯೋತಿಯೂ ಸಿಗುವುದಿಲ್ಲ. ಬೇರೆ ಆರ್.ಆರ್. ನಂಬರ್ ಇದ್ದರೂ ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ಬಿಡಿಸಿದ್ದಾರೆಯೇ ಕೇಳಿ, ಇಲ್ಲದಿದ್ದರೆ ನಿಮ್ಮ ಅರ್ಜಿ ಮುಂದಕ್ಕೆ ಹೋಗದು. ಹಳೆಯ ಬಿಲ್ಲುಗಳನ್ನೂ ಕೇಳಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದಿರುತ್ತದೆ. 1 ಕಿಲೋವ್ಯಾಟ್ ಮನೆಯಲ್ಲಿ 2 ಕಿಲೋವ್ಯಾಟ್ ಗೀಸರ್ ಹಾಕುವುದು ಸರಿಯಲ್ಲ.

ಒಂದು ಪರೀಕ್ಷೆಯನ್ನಂತೂ ನಾನು ಬಿಡುವುದೇ ಇಲ್ಲ. ಮನೆಯೊಳಗಿನ ಎಂಸಿಬಿಗಳನ್ನೆಲ್ಲ (ಕರೆಂಟು ಕಡಿಯುವ ಸ್ವಿಚ್ಚುಗಳನ್ನು) ಕೆಳಗೆ ಮಾಡಿ ಮೀಟರ್ ಮುಂದೆ ಎರಡು ನಿಮಿಷ ನಿಲ್ಲುತ್ತೇನೆ. ಮೀಟರಿನ ಕೆಂಪು ಚುಕ್ಕಿ ದೀಪ ಮಿನುಗಬಾರದು. ಮಿನುಗುತ್ತಿದ್ದರೆ ಮೆಟ್ಟಿಲ ದೀಪವೋ, ಎಲ್ಲರ ಸಂಪಿನ ಮೋಟಾರೋ, ಓನರ್ ಮನೆಯ ಫ್ರಿಜ್ಜೋ ನಿಮ್ಮ ಮೀಟರಿಗೆ ಸೇರಿದೆ, ಇಲ್ಲವೇ ವೈರಿನಲ್ಲಿ ಸೋರಿಕೆ ಇದೆ. ಮೋಟಾರ್ ಆಗ ಓಡುತ್ತಿರದಿದ್ದರೆ ದೀಪ ಮಿನುಗದು. ಅದನ್ನೂ ಹಾಕಿಸಿಯೇ ನೋಡಬೇಕು. ಮುಂದೆ, ಎಂಸಿಬಿ ಏರಿಸಿ 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಒಂದನ್ನೇ ಹಚ್ಚಿ. ಮೀಟರ್ ಮೇಲೆ ಯೂನಿಟ್ಟಿಗೆ 3200 ಮಿನುಗು (3200 imp/kWh) ಎಂದು ಬರೆದಿದ್ದರೆ ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ಇಸ್ತ್ರಿ ಕಾದು ತಾನೇ ಆರುವ ಮೊದಲು ಎಣಿಸಿ. 60, 70 ದಾಟಿದರೆ ಎಲೆಕ್ಟ್ರಿಷಿಯನ್ ಕರೆಸದೆ ಅಡ್ವಾನ್ಸ್ ಕೊಡಬೇಡಿ. ಸ್ವಿಚ್‌ಬೋರ್ಡ್ ಹತ್ತಿರ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ, ಕೂಡಲೇ ಬೀಳಬೇಕು. ಇಲ್ಲದ ಮನೆಗಳೇ ಹೆಚ್ಚು. ಹಾಕಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಬಚ್ಚಲಲ್ಲಿ ಜೀವ ಉಳಿಸುವುದು ಅದೇ.

ನಮ್ಮ ಕಡೆ ಬೇಸಿಗೆಯಲ್ಲಿ ಮೇಲಿನ ಮಹಡಿಯನ್ನು ಬೆಳಗ್ಗೆ ನೋಡಿ ಒಪ್ಪಿಕೊಳ್ಳಬಾರದು. ಆರ್‌ಸಿಸಿ ತಾರಸಿ ಹಗಲೆಲ್ಲ ಕಾದು ಸಂಜೆಯ ಮೇಲೆ ಕಾವು ಒಳಗೆ ಬಿಡುತ್ತದೆ. ಸಂಜೆ ಏಳರ ಹೊತ್ತಿಗೆ ಹೋಗಿ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಇಡಿ. ಬಿಸಿ ತಾಗಿದರೆ ಮಲಗುವ ಕೋಣೆ ಆ ಕಡೆ ಇರಬಾರದು. ಎದುರುಬದುರು ಕಿಟಕಿ ಇದ್ದರೆ ಮಾತ್ರ ಗಾಳಿ ಆಡುತ್ತದೆ. ಒಂದೇ ಗೋಡೆಯಲ್ಲಿ ಎಷ್ಟು ಕಿಟಕಿ ಇದ್ದರೂ ಪ್ರಯೋಜನ ಕಡಿಮೆ.

ಗೋಡೆಯಲ್ಲಿ ಕೆಳಗಿನ ಎರಡು ಮೂರು ಅಡಿಗೆ ಮಾತ್ರ ಹೊಸ ಬಣ್ಣ ಇದ್ದರೆ ಅನುಮಾನ ಪಡಿ: ತಳದಿಂದ ತೇವ ಏರಿ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದ ಜಾಗ ಅದು. ಬಚ್ಚಲಿನ ಹಿಂಬದಿ ಗೋಡೆ, ಕಬೋರ್ಡಿನ ಒಳಗೆ, ಸಜ್ಜದ ಮೇಲೆ ಟಾರ್ಚ್ ಹಾಕಿ ನೋಡಿ. ಸೂರಿನಲ್ಲಿ ಕಬ್ಬಿಣದ ತುಕ್ಕಿನ ಗೆರೆ ಕಂಡರೆ ಗಾರೆ ಉದುರುವ ಕಾಲ ದೂರವಿಲ್ಲ, ಆ ಮನೆ ಬೇಡ.

ಸುತ್ತಮುತ್ತ ನೋಡುವುದು ಚಿಕ್ಕ ಕೆಲಸ. ಮಂಡಕ್ಕಿ ಭಟ್ಟಿಗಳಿರುವ ಕಡೆಯಾದರೆ ಕಿಟಕಿ ಸರಳಿಗೆ ಬೆರಳು ಒರೆಸಿ ಮಸಿ ನೋಡಿ. ರೈಲು ಹಳಿ ಊರನ್ನು ಸೀಳಿಕೊಂಡೇ ಹೋಗುವುದರಿಂದ ಶಾಲೆ, ಆಫೀಸು ಹಳಿಯ ಯಾವ ಬದಿಗಿವೆ ಎಂದು ನೋಡಿಕೊಳ್ಳಿ. ಕಾಲೇಜುಗಳ ಹತ್ತಿರ ವಿದ್ಯಾರ್ಥಿಗಳಿಗೆಂದು ಒಂದು ಮನೆಯನ್ನು ಮೂರು ಪೋರ್ಷನ್ ಮಾಡಿರುತ್ತಾರೆ. ಅಲ್ಲಿ ಅಡ್ಡಗೋಡೆ ಬೆರಳಲ್ಲಿ ತಟ್ಟಿ, ಟೊಳ್ಳು ಸದ್ದು ಬಂದರೆ ಪಕ್ಕದವರ ಮಾತೆಲ್ಲ ನಿಮ್ಮ ಮನೆಯಲ್ಲೇ.

ಕಾಗದಪತ್ರಕ್ಕೆ ಬಂದರೆ, ಕರಾರು 11 ತಿಂಗಳಿಗೆ ಮಾಡುವುದಕ್ಕೆ ಕಾರಣವಿದೆ: 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಕರಾರಿನಲ್ಲಿ ನೋಟಿಸ್ ಅವಧಿ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಕೊಡುವುದು 15 ದಿನ ಮಾತ್ರ. ಎರಡು ತಿಂಗಳು ಎಂದು ಬರೆಸಿ. ಬಿಡುವಾಗ ಬಣ್ಣಕ್ಕೆ ಹಿಡಿಯುವ ಮೊತ್ತವನ್ನು ರೂಪಾಯಿಯಲ್ಲಿ ಬರೆಸಿ, "ಒಂದು ತಿಂಗಳ ಬಾಡಿಗೆ" ಎಂದರೆ ಏರಿದ ಬಾಡಿಗೆ ಎನ್ನುತ್ತಾರೆ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಎಂಬುದೂ ಇರಲಿ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಮೇಲೆ ತೆರಿಗೆ ವಿನಾಯಿತಿ ಪಡೆಯುವವರಿಗೆ ಓನರ್ ಪ್ಯಾನ್ ಬೇಕು, ಕೊಡುವರೋ ಇಲ್ಲವೋ ಮೊದಲೇ ಕೇಳಿ.

ಭೋಗ್ಯಕ್ಕೆ ಹಾಕಿಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಲಕ್ಷಗಟ್ಟಲೆ ದುಡ್ಡು ಒಮ್ಮೆಗೇ ಹೋಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ಅಷ್ಟಕ್ಕೇ ನಿಲ್ಲಬೇಡಿ. ಅಸಲು ಕ್ರಯಪತ್ರ ತೋರಿಸಿ ಎನ್ನಿ. ಜೆರಾಕ್ಸ್ ಮಾತ್ರ ತೋರಿಸಿದರೆ ಅಸಲು ಬ್ಯಾಂಕಿನಲ್ಲಿರಬಹುದು. ಪತ್ರ ಒತ್ತೆಯಿಟ್ಟು ತೆಗೆದ ಸಾಲ ಇ.ಸಿ.ಯಲ್ಲಿ ಕಾಣದೆ ಹೋಗುವುದುಂಟು, ಮನೆ ಹರಾಜಿಗೆ ಬಂದರೆ ಬ್ಯಾಂಕಿಗೆ ಮೊದಲು, ನಿಮಗೆ ಆಮೇಲೆ. ಭೋಗ್ಯಪತ್ರ ನೋಂದಣಿಯಾಗದಿದ್ದರೆ ದುಡ್ಡು ಕೊಡಬೇಡಿ.

ಬೀಗದ ಕೈ ಸಿಕ್ಕ ದಿನ ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ಫೋಟೊ ತೆಗೆಯಿರಿ: ಗೋಡೆಯ ಬಿರುಕು, ಒಡೆದ ಟೈಲ್ಸು, ಮೀಟರಿನ ಅಂಕಿ. ಹಿಂದಿನವರ ಕರೆಂಟು, ನೀರಿನ ಬಾಕಿ ತೀರಿದ ರಶೀದಿಯನ್ನೂ ಕೇಳಿ, ಎಲ್ಲವನ್ನೂ ಅವತ್ತೇ ಓನರಿಗೆ ವಾಟ್ಸಾಪ್ ಮಾಡಿ, ಅವರು "ಸರಿ" ಎಂದದ್ದನ್ನು ಅಳಿಸದೆ ಇಟ್ಟುಕೊಳ್ಳಿ.