ನಮ್ಮ ಅಂಗಡಿಯ ಗಲ್ಲಾ ಫೋನು

ತಿಪಟೂರಿನಲ್ಲಿ ನಮ್ಮದು ಎಲೆಕ್ಟ್ರಿಕಲ್ ಅಂಗಡಿ. ಸ್ಟಾರ್ಟರ್, ಕೆಪಾಸಿಟರ್, ಕೇಬಲ್, ಪಂಪ್‌ಸೆಟ್ಟಿನ ಬಿಡಿ ಸಾಮಾನು ಮಾರುತ್ತೇವೆ. ಅಪ್ಪ ಗಲ್ಲಾದಲ್ಲಿ ಕೂರುತ್ತಾರೆ. ಬಿಲ್ಲು, ಜಿಎಸ್‌ಟಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ನನ್ನ ಪಾಲಿಗೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪ 48,000 ರೂಪಾಯಿ ಕಳೆದುಕೊಂಡರು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ.

ಆಗಿದ್ದು ಇಷ್ಟು. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಒಬ್ಬ ಸೇಟು ನಮಗೆ ಕೇಬಲ್ ಕಳಿಸುತ್ತಾರೆ. ಮೂವತ್ತು ವರ್ಷದ ವ್ಯವಹಾರ. ಅವರ ನಂಬರಿನಿಂದಲೇ ವಾಟ್ಸಾಪ್ ಬಂತು: ‘ಹಳೇ ಖಾತೆ ಆಡಿಟ್‌ನಲ್ಲಿದೆ, ಈ ಸಲದ ಪೇಮೆಂಟ್ ಇದಕ್ಕೆ ಹಾಕಿ.’ ಮೇಲುಗಡೆ ನೋಡಿದರೆ ಹಿಂದಿನ ವಾರದ ಬಿಲ್ಲು, ಲಾರಿ ರಸೀದಿ ಎಲ್ಲ ಹಾಗೇ ಇದೆ. ಅಪ್ಪ ಹಾಕಿಬಿಟ್ಟರು. ಸಂಜೆ ಸೇಟು ಇನ್ನೊಂದು ನಂಬರಿನಿಂದ ಫೋನ್ ಮಾಡಿ, ‘ಯಜಮಾನ್ರೇ, ನನ್ನ ವಾಟ್ಸಾಪ್ ಯಾರೋ ತಗೊಂಡವ್ರೆ, ಏನೂ ಕಳಿಸಬೇಡಿ’ ಅಂದರು. ಅವರಿಗೆ ಯಾರೋ ಮದುವೆ ಕರೆಯೋಲೆ ಅಂತ ಒಂದು ಫೈಲು ಕಳಿಸಿದ್ದರಂತೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು. ಅಂದರೆ ಅದು ಫೋಟೋ ಅಲ್ಲ, ಆಪ್. ಒಳಗೆ ಕೂತ ಮೇಲೆ ಫೋನಿಗೆ ಬರುವ ಎಸ್‌ಎಂಎಸ್ಸನ್ನೆಲ್ಲ ಓದುತ್ತದೆ. ವಾಟ್ಸಾಪಿನ ಒಟಿಪಿಯನ್ನೂ ಓದಿ ಆಚೆಗೆ ಕಳಿಸಿತ್ತು. ಅದನ್ನು ಹಾಕಿ ಕಳ್ಳ ಸೇಟುವಿನ ವಾಟ್ಸಾಪನ್ನು ತನ್ನ ಫೋನಿನಲ್ಲಿ ತೆರೆದಿದ್ದ.

ತಕ್ಷಣ ಸೈಬರ್ ಮೋಸದ ದೂರು ತೆಗೆದುಕೊಳ್ಳುವ 1930ಕ್ಕೆ ಫೋನ್ ಮಾಡಿದೆ. ಕೇಳಿದ್ದು ಬ್ಯಾಂಕು, ಮೊತ್ತ, ಸಮಯ, ವಹಿವಾಟಿನ ಯುಟಿಆರ್ ನಂಬರು. ಆ ನಂಬರು ಎಲ್ಲಿರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹುಡುಕುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಹಣ ಆಗಲೇ ನಾಲ್ಕು ಖಾತೆ ದಾಟಿತ್ತು. 11,500 ಮಾತ್ರ ತಡೆಹಿಡಿಯಲು ಸಿಕ್ಕಿತು. ಅದೂ ಕೋರ್ಟಿನ ಆದೇಶ ಬಂದು ಕೈಗೆ ಸೇರಲು ತಿಂಗಳುಗಳೇ ಆದವು. ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಪೂರ್ತಿ ವಾಪಸ್ ಬರುತ್ತೆ ಅಂತ ಪಕ್ಕದ ಅಂಗಡಿಯವರು ಧೈರ್ಯ ಹೇಳಿದ್ದರು. ರಿಸರ್ವ್ ಬ್ಯಾಂಕಿನ ಆ 2017ರ ನಿಯಮ ನಿಮಗೆ ಗೊತ್ತಿಲ್ಲದೆ ಹಣ ಹೋದರೆ ಅನ್ವಯಿಸುತ್ತಿತ್ತು. ನಾವೇ ಪಿನ್ ಒತ್ತಿ ಕಳಿಸಿದ್ದೆವಲ್ಲ, ಬ್ಯಾಂಕಿನವರು ಆಗಲ್ಲ ಅಂದರು.

ಅವತ್ತು ರಾತ್ರಿ ಗಲ್ಲಾದ ಫೋನನ್ನು ಕೈಗೆತ್ತಿಕೊಂಡು ಒಂದೊಂದೇ ನೋಡುತ್ತಾ ಹೋದೆ. ಅಂಗಡಿಯ ಯುಪಿಐ ಅದರಲ್ಲೇ, ಬ್ಯಾಂಕ್ ಆಪ್ ಅದರಲ್ಲೇ, ಒಟಿಪಿ ಬರುವ ಸಿಮ್ಮೂ ಅದರಲ್ಲೇ. ನನ್ನ ಮಗ ಆಟ ಆಡುವುದೂ ಅದರಲ್ಲೇ. ನಲವತ್ತೆರಡು ವಾಟ್ಸಾಪ್ ಗುಂಪು. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಅಪ್ಪ ಉಡಿದಾರಕ್ಕೆ ಕಟ್ಟಿಕೊಂಡು ಮಲಗುವವರು. ಅದಕ್ಕಿಂತ ಜಾಸ್ತಿ ದುಡ್ಡು ಓಡಾಡುವ ಫೋನಿನ ಲಾಕು 1234.

ಮೊದಲು ಮಾಡಿದ್ದು ದುಡ್ಡಿನ ಫೋನನ್ನು ಮಾತಿನ ಫೋನಿನಿಂದ ಬೇರೆ ಮಾಡಿದ್ದು. ಏಳೂವರೆ ಸಾವಿರದ ಇನ್ನೊಂದು ಫೋನ್ ತಂದೆ. ಬ್ಯಾಂಕ್ ಆಪ್, ಒಟಿಪಿ ಸಿಮ್ ಅದರಲ್ಲಿ. ವಾಟ್ಸಾಪ್ ಇಲ್ಲ, ಆಟ ಇಲ್ಲ, ಆ ನಂಬರನ್ನು ಯಾವ ಗಿರಾಕಿಗೂ ಕೊಟ್ಟಿಲ್ಲ. ಹಳೇ ಫೋನು ಮಾತಿಗೆ, ಆರ್ಡರಿಗೆ. ಅದರಲ್ಲಿ ವಾಟ್ಸಾಪಿಗೂ ಕ್ರೋಮಿಗೂ ಹೊಸ ಆಪ್ ಹಾಕುವ ಅನುಮತಿಯನ್ನು ಸೆಟ್ಟಿಂಗ್ಸಿನಲ್ಲಿ ತೆಗೆದೆ. ವಾಟ್ಸಾಪಿನ ಟು-ಸ್ಟೆಪ್ ಪಿನ್ ಹಾಕಿದೆ, ಬೇರೆ ಫೋನಿನಲ್ಲಿ ತೆರೆಯಲು ಹೋದರೆ ಒಟಿಪಿಯ ಜೊತೆಗೆ ಇದನ್ನೂ ಕೇಳುತ್ತದೆ. ಸೇಟು ಇದೊಂದು ಹಾಕಿದ್ದರೂ ಒಟಿಪಿ ಕದ್ದವನು ಅಲ್ಲೇ ನಿಲ್ಲುತ್ತಿದ್ದ. ಆರಂಕಿಯ ಪಿನ್, ಎರಡು ನಿಮಿಷದ ಕೆಲಸ.

ಖಾತೆಯನ್ನೂ ಎರಡು ಮಾಡಿದೆ. ಕಾರಣ ಬೇರೆ. ನಮ್ಮ ಬೀದಿಯಲ್ಲೇ ಒಬ್ಬರಿಗೆ ಗಿರಾಕಿಯೊಬ್ಬ ಸಾಮಾನು ತಗೊಂಡು ಯುಪಿಐ ಮಾಡಿ ಹೋದ. ಅದು ಯಾರಿಗೋ ಮೋಸ ಮಾಡಿದ ದುಡ್ಡಂತೆ. ಎಲ್ಲೋ ದೂರದ ರಾಜ್ಯದ ಪೊಲೀಸರ ಪತ್ರ ಬಂದು ಇವರ ಖಾತೆಯೇ ನಿಂತಿತು. ತಪ್ಪೇ ಮಾಡದವರು ಹಬ್ಬದ ಹೊತ್ತಿಗೆ ಹುಡುಗರ ಸಂಬಳಕ್ಕೆ ಪರದಾಡಿದರು. ಈಗ ನಮ್ಮ ಕ್ಯೂಆರ್‌ಗೆ ಬಂದ ಹಣ ಒಂದು ಖಾತೆಗೆ ಬೀಳುತ್ತದೆ, ಸಂಜೆ ಇನ್ನೊಂದಕ್ಕೆ ಹೋಗುತ್ತದೆ. ಇನ್ನೂರು ರೂಪಾಯಿಯ ಮಾಲಿಗೂ ಬಿಲ್ಲು ಬರೆಯುತ್ತೇವೆ, ಯಾರಾದರೂ ಕೇಳಿದರೆ ತೋರಿಸಲು ಬೇಕಲ್ಲ.

ಕೌಂಟರಿನಲ್ಲಿ ದಿನಾ ಆಗುವುದು ಸಣ್ಣ ಮೋಸ. ‘ಆಯ್ತು ನೋಡಿ’ ಅಂತ ಹಸಿರು ಟಿಕ್ ತೋರಿಸಿ ಹೊರಟುಬಿಡುತ್ತಾರೆ. ಅಂಥ ಪರದೆ ತೋರಿಸುವ ನಕಲಿ ಆಪ್‌ಗಳೇ ಇವೆ. ಕೊಬ್ಬರಿ ಹರಾಜಿನ ದಿನ ಅಂಗಡಿ ತುಂಬಿದಾಗ ನಮ್ಮ ಹುಡುಗರು ಎರಡು ಸಲ ಬೇಸ್ತು ಬಿದ್ದಿದ್ದಾರೆ. ಈಗ ಗಿರಾಕಿಯ ಫೋನನ್ನು ನೋಡುವುದೇ ಇಲ್ಲ. ನಮ್ಮ ಸೌಂಡ್‌ಬಾಕ್ಸ್ ಕೂಗಬೇಕು. ಕರೆಂಟೋ ನೆಟ್‌ವರ್ಕೋ ಹೋಗಿ ಅದು ಕೂಗದಿದ್ದರೆ ನಾನು ಆಪಿನಲ್ಲಿ ನೋಡಿ ಹೇಳುವವರೆಗೆ ಕಾಯಬೇಕು. ಖಾಯಂ ಗಿರಾಕಿಗಳು ಮೊದಮೊದಲು ಮುಖ ಊದಿಸಿದರು. ಬೆಳಿಗ್ಗೆ ಕದ ತೆಗೆದ ಕೂಡಲೇ ಹುಡುಗ ತನ್ನ ಫೋನಿಂದ ನಮ್ಮ ಕ್ಯೂಆರ್‌ಗೆ ಒಂದು ರೂಪಾಯಿ ಹಾಕುತ್ತಾನೆ. ರಾತ್ರಿ ಯಾರಾದರೂ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದರೆ ಆಗಲೇ ಗೊತ್ತಾಗುತ್ತದೆ. ತಿಂಗಳಿಗೆ ಮೂವತ್ತು ರೂಪಾಯಿ, ಅದೂ ನಮ್ಮದೇ ಖಾತೆಗೆ. ಅವನಿಗೆ ಚಹಾ ದುಡ್ಡಲ್ಲಿ ಸೇರಿಸಿ ಕೊಡುತ್ತೇನೆ.

ಟ್ಯಾಲಿಗೆ ಎರಡು ಪೆನ್‌ಡ್ರೈವ್. ಒಂದು ದಿನ ಇದು, ಮರುದಿನ ಅದು. ಬ್ಯಾಕಪ್ ಆದ ಕೂಡಲೇ ಕಿತ್ತು ಮನೆಗೆ ಒಯ್ಯುತ್ತೇನೆ, ಸಿಕ್ಕಿಸಿಯೇ ಬಿಟ್ಟರೆ ವೈರಸ್ಸು ಕಂಪ್ಯೂಟರಿನ ಜೊತೆ ಅದನ್ನೂ ಬೀಗ ಹಾಕಿಬಿಡುತ್ತದೆ. ಅಮ್ಮನ ಆಧಾರ್ ಬೆರಳಚ್ಚನ್ನು ಎಂಆಧಾರ್ ಆಪಿನಲ್ಲಿ ಲಾಕ್ ಮಾಡಿದ್ದೇನೆ. ಹೆಬ್ಬೆಟ್ಟಿನ ನಕಲು ಮಾಡಿ ಹಣ ತೆಗೆಯುವ ದಾರಿ ಅಲ್ಲಿಗೆ ಮುಚ್ಚಿತು. ರೇಷನ್ನಿಗೆ ಹೋಗುವ ದಿನ ಮಾತ್ರ ತೆಗೆದುಕೊಡಬೇಕು. ಮರೆತರೆ ಬೈಸಿಕೊಳ್ಳುತ್ತೇನೆ.

ಮಾಲು ಕಳಿಸುವ ಪಾರ್ಟಿಗಳ ಫೋನ್ ನಂಬರು, ಖಾತೆ ನಂಬರುಗಳನ್ನು ಈಗ ಒಂದು ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಯಾರಾದರೂ ಬದಲಾಯಿತು ಅಂದರೆ ಆ ಪುಸ್ತಕದಲ್ಲಿರುವ ಫೋನ್ ನಂಬರಿಗೆ ನಾವೇ ಫೋನ್ ಮಾಡಿ ಮಾತಾಡಬೇಕು. 2025ರ ಏಪ್ರಿಲ್‌ನಿಂದ ಬ್ಯಾಂಕಿನಿಂದ ಬ್ಯಾಂಕಿಗೆ ನೆಫ್ಟ್‌ನಲ್ಲಿ ಹಣ ಕಳಿಸುವಾಗಲೂ ಖಾತೆದಾರರ ಹೆಸರು ತೋರಿಸುವ ಏರ್ಪಾಡು ಬಂದಿದೆ, ಅದನ್ನೂ ನೋಡುತ್ತೇವೆ. ಅಪ್ಪನಿಗೆ ಇಷ್ಟೂ ಸಾಲದು.

ಹೋದ ತಿಂಗಳು ಸೇಟು ನಿಜವಾಗಿಯೂ ಬ್ಯಾಂಕ್ ಬದಲಾಯಿಸಿದರು. ಅಪ್ಪ ಫೋನ್ ಮಾಡಿ, ‘ನೀವು ಮೊದಲ ಸಲ ತಿಪಟೂರಿಗೆ ಬಂದಾಗ ನಮ್ಮನೇಲಿ ಏನು ತಿಂದ್ರಿ?’ ಅಂತ ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಸೇಟು, ‘ಕಾಯೊಬ್ಬಟ್ಟು. ಎರಡು ಕೇಳಿದ್ದೆ, ನೀವು ಐದು ಬಡಿಸಿದ್ರಿ, ರಾತ್ರಿಯೆಲ್ಲ ಹೊಟ್ಟೆನೋವು’ ಅಂದರು. ಅಪ್ಪ ನನ್ನ ಕಡೆ ತಿರುಗಿ, ‘ಹಾಕು’ ಅಂದರು.