ಟ್ರೇಲ್ ಪಾರ್ಕಿಗೆ ಮೊದಲ ಸಲನಾ? ಟೈರಿನ ಗಾಳಿ ಇಳಿಸಿ

ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಪಾರ್ಕಿಗೆ ಹೋಗಿ "ಬರೀ ಕೈನೋವು, ಮಜಾನೇ ಬರಲಿಲ್ಲ" ಅಂತ ವಾಪಸ್ ಬರೋರು ಬಹಳ. ಎಷ್ಟೋ ಸಲ ತಪ್ಪು ಟ್ರೇಲಿನದ್ದಲ್ಲ (ಅಲ್ಲಿನ ಕಚ್ಚಾ ಹಾದಿಯದ್ದಲ್ಲ), ಟೈರಿನದ್ದು. ಡಾಂಬರು ರಸ್ತೆಗೆ ತುಂಬಿಸಿದ 45-50 ಪಿಎಸ್‌ಐನಲ್ಲೇ (ಗಾಳಿಯ ಒತ್ತಡದ ಅಳತೆ) ಇಳಿದರೆ ಚಕ್ರ ಪ್ರತಿ ಕಲ್ಲಿಗೂ ಪುಟಿಯುತ್ತೆ, ತಿರುವಿನಲ್ಲಿ ಜಾರುತ್ತೆ. ಸುಮಾರು 70 ಕೆಜಿ ತೂಕ, 2.3 ಇಂಚಿನ ಟೈರು, ಒಳಗೆ ಟ್ಯೂಬ್ ಇದ್ದರೆ ಮುಂದೆ 26, ಹಿಂದೆ 29 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್‌ಲೆಸ್‌ಗೆ ಇನ್ನೂ ಮೂರ್ನಾಲ್ಕು ಕಮ್ಮಿ. ರಿಮ್ ಕಲ್ಲಿಗೆ ಟಣ್ ಅಂತ ಬಡಿದರೆ 2 ಏರಿಸಿ, ಇಲ್ಲದಿದ್ದರೆ ಟ್ಯೂಬಿನಲ್ಲಿ ಪಕ್ಕಪಕ್ಕದಲ್ಲೇ ಎರಡು ತೂತು ಗ್ಯಾರಂಟಿ.

ಫೋರ್ಕಿನ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ಲಾಕ್‌ಔಟ್, ಅಂದರೆ ಅದು ಕುಸಿಯದಂತೆ ತಡೆಯೋ ಲಾಕ್, ತೆರೆದಿರಲಿ (ಮರೆಯೋದೇ ಇದು!). ಗಾಳಿ ತುಂಬಿಸೋ ಏರ್ ಫೋರ್ಕ್ 120 ಮಿ.ಮೀ. ಟ್ರಾವೆಲ್‌ನದ್ದಾದರೆ (ಪೂರ್ತಿ ಕುಸಿಯೋ ದೂರ), ಪೆಡಲ್ ಮೇಲೆ ನಿಂತಾಗ 24-30 ಮಿ.ಮೀ. ಕುಸಿಯಬೇಕು. ಇಳಿಜಾರಿಗೆ ಸೀಟು ಪೂರ್ತಿ ಕೆಳಗೆ. ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಡಿಸ್ಕ್ ಕಾದು ಹಿಡಿತ ಹೋಗುತ್ತೆ. ತಿರುವಿಗೆ ಮುಂಚೆಯೇ ಗಟ್ಟಿಯಾಗಿ ಹಿಡಿದು, ಬಿಟ್ಟುಬಿಡಿ.

ಟ್ರೇಲ್ ಎಷ್ಟು ಕಷ್ಟ ಅಂತ ಹೇಳೋ ಬಣ್ಣದ ಫಲಕ ನಂಬಿ ಮೋಸ ಹೋಗಬೇಡಿ, ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಸುಲಭದಿಂದ ಕಷ್ಟಕ್ಕೆ ಹಸಿರು, ನೀಲಿ, ಕೆಂಪು, ಕಪ್ಪು. ಅಮೆರಿಕ, ಕೆನಡಾದಲ್ಲಿ ಸಾಮಾನ್ಯವಾಗಿ ನೀಲಿ ಮುಗಿದರೆ ಸೀದಾ ಕಪ್ಪೇ. ಮೊದಲ ಸುತ್ತು ಹಸಿರಲ್ಲೇ ಹಾಕಿ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಟ್ರೇಲ್ ಮುಚ್ಚಿರಬಹುದು, ಹೊರಡೋ ಮುಂಚೆ ವಿಚಾರಿಸಿ.