ಕುಂಡದ ತಳಕ್ಕೆ ತೆಂಗಿನಕಾಯಿಸಿಪ್ಪೆ ಹಾಸದೆ ಗಿಡ ನೆಡಬೇಡಿ

ಫಾಲ್ಗುಣ ಮುಗಿಯುತ್ತಿದ್ದಂತೆ ಶಿವಮೊಗ್ಗದ ತಾರಸಿಗಳ ಮೇಲೆ ಹೊಸ ಕುಂಡಗಳು ಸಾಲುಗಟ್ಟುತ್ತವೆ, ಯುಗಾದಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನ ಗಿಡಗಳು ಜೋತುಬಿದ್ದಿರುತ್ತವೆ. ಕೇಳಿದರೆ ಈಗಿನ ಮಕ್ಕಳು ತಮ್ಮ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಗಳದ ಕೆಂಪು ಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಿ, ತಳದಲ್ಲಿ ತೂತು ಇದೆಯೋ ಇಲ್ಲವೋ ನೋಡದೆ, ನರ್ಸರಿಯಿಂದ ತಂದ ಸಸಿಯನ್ನು ಅದೇ ದಿನ ಊರಿ, ಬೆಳಿಗ್ಗೆ ಒಂದು ಲೋಟ ಸಂಜೆ ಒಂದು ಲೋಟ ನೀರು ಹೊಯ್ದರೆ ಯಾರ ಕೈಯಲ್ಲಿಯೂ ಗಿಡ ಉಳಿಯುವುದಿಲ್ಲ.

ಮಲೆನಾಡಿನ ಮಣ್ಣಿಗೆ ಅದರದೇ ಸ್ವಭಾವವಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟಲ್ಲದಿದ್ದರೂ ಘಟ್ಟದ ಸೀಮೆಯ ಎಲ್ಲ ಕಡೆಯೂ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ಮಣ್ಣು ಹುಳಿಯಾಗಿರುತ್ತದೆ, ಕುಂಡದಲ್ಲಿ ಒಣಗಿದರೆ ಕಲ್ಲಾಗುತ್ತದೆ. ಆದ್ದರಿಂದ ಗೋಡುಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಹೊಳೆಮರಳು ಹಾಗೂ ಚಿಟಿಕೆಗಿಂತ ಹೆಚ್ಚು, ಹಿಡಿಗಿಂತ ಕಡಿಮೆ ಸುಣ್ಣದ ಪುಡಿ ಬೆರೆಸಿ, ನೆಡುವ ಒಂದೆರಡು ವಾರ ಮೊದಲೇ ನೆರಳಿನಲ್ಲಿ ರಾಶಿ ಹಾಕಿಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಒಡೆಯಬೇಕು, ಅದೇ ಹದ. ಟೊಮೆಟೊ ಕಾಯಿಯ ಬುಡ ಕಪ್ಪಾಗಿ ಕೊಳೆಯುವುದಕ್ಕೆ ಹುಳುವನ್ನು ದೂರುವವರು ಈ ಸುಣ್ಣವನ್ನು ಮರೆತಿರುತ್ತಾರೆ, ಇಲ್ಲವೇ ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿರುತ್ತಾರೆ.

ಈಗ ಮುಖ್ಯವಾದ ಮಾತು. ಮಣ್ಣು ತುಂಬುವ ಮೊದಲು ಕುಂಡದ ತಳಕ್ಕೆ ಒಣಗಿದ ಕಾಯಿಸಿಪ್ಪೆಯನ್ನು ಹಾಸಲೇಬೇಕು, ಅದನ್ನು ಹದಮಾಡಿಯೇ ಹಾಸಬೇಕು. ಕಾಯಿ ಸುಲಿದ ಸಿಪ್ಪೆಯನ್ನು ಹಾಗೆಯೇ ತುರುಕುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ, ಏಕೆಂದರೆ ಸಿಪ್ಪೆಯ ಒಗರು ಇಳಿಯದಿದ್ದರೆ ಎಳೆಯ ಬೇರು ಅದರ ಹತ್ತಿರ ಸುಳಿಯುವುದಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ನಮ್ಮ ಅತ್ತೆಯವರು ಬಾವಿಕಟ್ಟೆಯ ಪಕ್ಕದ ಕಲ್ಲುಮರಿಗೆಯಲ್ಲಿ ಸಿಪ್ಪೆಯನ್ನು ಮುಳುಗಿಸಿ, ತೇಲದಂತೆ ಮೇಲೆ ಜಂಬಿಟ್ಟಿಗೆಯ ತುಂಡೊಂದನ್ನು ಹೇರಿ ಇಡುತ್ತಿದ್ದರು. ಮರುದಿನ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ನೀರನ್ನು ಗಿಡಗಳಿಗೆ ಬಿಡದೆ ಹೊರಗೆ ಚೆಲ್ಲಿ, ಹೊಸ ನೀರು ತುಂಬಿ, ಹೀಗೆಯೇ ದಿನವೂ ಬದಲಿಸುತ್ತಾ, ಅಂಗೈಯಲ್ಲಿ ಎತ್ತಿದ ನೀರಿನಡಿಯಲ್ಲಿ ಕೈಯ ಗೆರೆಗಳು ಸ್ಪಷ್ಟವಾಗಿ ಕಾಣುವವರೆಗೆ ಬಿಡುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಯಾದ ನನಗೆ ಅದು ಅತಿಯಾದ ಶಿಸ್ತು ಎನಿಸುತ್ತಿತ್ತು. ಇಂದು ನನ್ನ ಸೊಸೆಯಿಂದಲೂ ನಾನು ಹಾಗೆಯೇ ಮಾಡಿಸುತ್ತೇನೆ.

ಹಾಸುವುದಕ್ಕೂ ಕ್ರಮವಿದೆ. ತೂತಿನ ಮೇಲೆ ಹೆಂಚಿನ ಚೂರೊಂದನ್ನು ಉಬ್ಬು ಮೇಲಾಗುವಂತೆ ಇಡಿ. ನೀರು ಇಳಿಯಬೇಕು, ಮಣ್ಣು ಇಳಿಯಬಾರದು. ಅದರ ಮೇಲೆ ಸಿಪ್ಪೆಯ ತುಂಡುಗಳನ್ನು ನಾರಿನ ಒಳಮೈ, ಅಂದರೆ ಕುಳಿಯಾದ ಭಾಗ, ಆಕಾಶ ನೋಡುವಂತೆ ಒತ್ತೊತ್ತಾಗಿ ಜೋಡಿಸಿ. ಬೋರಲು ಹಾಕಿದರೆ ನೀರು ಬೆನ್ನ ಮೇಲೆ ಜಾರಿ ಹೊರಟುಹೋಗುತ್ತದೆ. ಕುಳಿ ಮೇಲಿದ್ದರೆ ಪ್ರತಿಯೊಂದು ತುಂಡಿನಲ್ಲಿಯೂ ನೀರು ನಿಂತು ನಾರಿಗೆ ಇಳಿಯುತ್ತದೆ, ಹೆಚ್ಚಾದದ್ದು ಸಂದಿನಿಂದ ಹೋಗುತ್ತದೆ. ತೆಂಗಿನ ತೋಟದ ಗುಂಡಿಗಳಲ್ಲಿಯೂ ಸಿಪ್ಪೆಯನ್ನು ಹೀಗೆಯೇ ಹೂಳುತ್ತಾರೆ. ಸಂದುಗಳಿಗೆ ಬಿಡಿಸಿದ ನಾರನ್ನು ತುಂಬಿ, ಎರಡನೆಯ ಪದರವನ್ನು ಮೊದಲಿನದರ ಸಂದಿನ ಮೇಲೆ ಬರುವಂತೆ ಇಟ್ಟು, ಒರಲೆ, ಅಂದರೆ ಗೆದ್ದಲು, ಹತ್ತದಂತೆ ಬೇವಿನ ಹಿಂಡಿಯನ್ನು ಉದುರಿಸಿ, ಬಳಿಕ ಮಣ್ಣು ಹಾಕಿ. ಆಳದ ಕುಂಡಕ್ಕೆ ನಾಲ್ಕು ಬೆರಳು ಎತ್ತರವಿರಲಿ, ಹರಿವೆಯ ತಟ್ಟೆಗೆ ಒಂದೇ ಪದರ ಸಾಕು. ಒಂದೆರಡು ದಿನ ಊರಿಗೆ ಹೋಗಿ ಬಂದರೂ ಗಿಡ ಬಾಡಿರುವುದಿಲ್ಲ.

ಬೆಂಡೆಯ ಸಸಿ ಕೊಂಡು ತರಬೇಡಿ. ಅದರ ತಾಯಿಬೇರಿಗೆ ಕೀಳಿಸಿಕೊಂಡು ನೆಡಿಸಿಕೊಳ್ಳುವುದು ಆಗಿಬರುವುದಿಲ್ಲ. ಬೀಜವನ್ನು ರಾತ್ರಿ ನೆನೆಸಿ ನೇರವಾಗಿ ಊರಿ. ಬೇಸಿಗೆಯಲ್ಲಿ ಬಿಳಿನೊಣ ಹರಡುವ ಹಳದಿ ನಂಜುರೋಗದ ಕಾಟವಿರುವುದರಿಂದ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಒಳ್ಳೆಯದು. ಹರಿವೆ ಬೀಜವನ್ನು ಮರಳಿನೊಂದಿಗೆ ಬೆರೆಸಿ ಎರಚಿ, ಇರುವೆ ಹೊತ್ತೊಯ್ಯದಂತೆ ಸುತ್ತ ಒಲೆಬೂದಿ ಹಾಕಿ. ನಿಂಬೆ, ಪೇರಲೆಗಳಿಗೆ ಅರ್ಧ ಡ್ರಮ್ ಬೇಕು, ಕಸಿ ಗಿಡವೇ ಬೇಕು. ಪೇರಲೆ ಹೊಸ ಚಿಗುರಿನಲ್ಲಿ ಕಾಯಿ ಬಿಡುವುದರಿಂದ ತುದಿ ಚಿವುಟಲು ಹಿಂಜರಿಯಬೇಡಿ.

ನೀರನ್ನು ಬೆಳಗಿನ ಹೊತ್ತು, ತಳದಿಂದ ಒಸರುವವರೆಗೆ, ಬುಡಕ್ಕೆ ಹೊಯ್ಯಿರಿ. ತಾರಸಿಯಲ್ಲಿ ಹಲಸಿನ ಹಪ್ಪಳ ಒಣಗಿಸುವ ಕಾಲವೂ ಇದೇ ಆದ್ದರಿಂದ ಕುಂಡಗಳನ್ನು ಒಂದು ಬದಿಗೆ ಸರಿಸಿಡಿ. ನೀರಿನ ಹನಿ ಸಿಡಿದ ಹಪ್ಪಳ ಬೂಸಲು ಹಿಡಿಯುತ್ತದೆ. ಹಪ್ಪಳದ ಅಂಚು ಎದ್ದೊಡನೆ ಮಗುಚಬೇಕು, ಪೂರ್ತಿ ಒಣಗುವವರೆಗೆ ಕಾದರೆ ಮುರುಟಿಕೊಳ್ಳುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನೂ ಯಾರೂ ಸರಿಯಾಗಿ ಮಾಡುತ್ತಿಲ್ಲ.

ಹೂವಿನ ಪೈಕಿ ಮಲ್ಲಿಗೆಗೆ ಈಗ ಬಿಸಿಲೇ ಔಷಧ, ಅದನ್ನು ನೆರಳಿಗೆ ಸರಿಸಬೇಡಿ. ಡೇರೆ, ಅಂದರೆ ಡೇಲಿಯಾ ಹೂವಿನ, ಗೆಡ್ಡೆಯನ್ನು ಮಾತ್ರ ಅವಸರಪಟ್ಟು ಈ ಬಿಸಿಲಿಗೆ ನೆಡದೆ, ಒಣಮರಳಿನಲ್ಲಿ ಮುಚ್ಚಿಟ್ಟು ಮೊದಲ ಮಳೆಗೆ ಹೊರತೆಗೆಯಿರಿ. ಬಿಡಿಸುವಾಗ ಪ್ರತಿ ಗೆಡ್ಡೆಯೊಂದಿಗೆ ಹಳೆಯ ಕಾಂಡದ ಬುಡದ ಚೂರು ಸೇರಿರಬೇಕು. ಕಣ್ಣು ಇರುವುದು ಅಲ್ಲಿಯೇ, ಅದು ಕಳಚಿಹೋದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ.